ಗೋಡೆ ಒಡೆಯುವ ಮುನ್ನ: ಪುಟ್ಟ ಫ್ಲಾಟು, ಎತ್ತರದ ಕಟ್ಟಡ – ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು 500 ಚದರಡಿಯೊಳಗಿನ ಫ್ಲಾಟ್‌ಗಳ ಕುರಿತು. ಕೆಲವು ಪತ್ರಗಳು ಕೆಳಗೆ ಅಂಗಡಿ, ಮೇಲೆ ಮನೆ ಇರುವ ಬಹುಮಹಡಿ ಕಟ್ಟಡಗಳ ಬಗ್ಗೆ. ಒಬ್ಬ ವಾಸ್ತುಶಿಲ್ಪಿ ಮತ್ತು ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಸೇರಿ ಉತ್ತರಿಸಿದ್ದಾರೆ. ನಿಯಮದ ಅಳತೆಗಳು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯವು. ನಿಮ್ಮ ಊರಿನ ಪಾಲಿಕೆಯ ನಿಯಮ ಬೇರೆ ಇದ್ದರೆ ಅದನ್ನೇ ಪಾಲಿಸಬೇಕು.

ಯಲಹಂಕದ ಹತ್ತಿರ 18 ಮಹಡಿಯ ಕಟ್ಟಡದಲ್ಲಿ ನಮ್ಮದು ಒಂದು ಬೆಡ್‌ರೂಮಿನ ಫ್ಲಾಟು. ಕಾರ್ಪೆಟ್ ಏರಿಯಾ 420 ಚದರಡಿ. ನಾವಿಬ್ಬರು, ಒಂಬತ್ತು ವರ್ಷದ ಮಗ, ಜೊತೆಗೆ ನಮ್ಮ ಅತ್ತೆ. ಹಾಲ್ ಮತ್ತು ಬೆಡ್‌ರೂಮಿನ ನಡುವಿನ ಗೋಡೆ ಒಡೆದು ಸ್ಲೈಡಿಂಗ್ ಬಾಗಿಲು ಹಾಕಿದರೆ ಮನೆ ದೊಡ್ಡದಾಗುತ್ತದೆ, ಎರಡು ದಿನದ ಕೆಲಸ ಅಂತ ಇಂಟೀರಿಯರ್ ಕಾಂಟ್ರ್ಯಾಕ್ಟರ್ ಹೇಳುತ್ತಿದ್ದಾರೆ. ಒಡೆಸಬಹುದೇ? – ಗೃಹಿಣಿ, ಬೆಂಗಳೂರು

ಆ ಗೋಡೆ ಯಾವುದರಿಂದ ಕಟ್ಟಿದ್ದು ಎಂದು ಖಚಿತವಾಗುವವರೆಗೆ ಅದಕ್ಕೆ ಸುತ್ತಿಗೆ ತಾಗಿಸಬೇಡಿ. ಬೆಂಗಳೂರಿನ ಹೊಸ ಬಹುಮಹಡಿ ಕಟ್ಟಡಗಳಲ್ಲಿ ಬಹಳಷ್ಟನ್ನು ಅಲ್ಯೂಮಿನಿಯಂ ಅಚ್ಚಿನಲ್ಲಿ ಗೋಡೆ, ಚಾವಣಿ ಎರಡನ್ನೂ ಒಟ್ಟಿಗೆ ಕಾಂಕ್ರೀಟ್ ಸುರಿದು ಕಟ್ಟುತ್ತಾರೆ. ಮೇಸ್ತ್ರಿಗಳ ಬಾಯಲ್ಲಿ ಇದು ‘ಮೈವಾನ್ ಕೆಲಸ’. ಇಂಥ ಕಟ್ಟಡದಲ್ಲಿ ಬೇರೆ ಕಂಬಗಳೇ ಇರುವುದಿಲ್ಲ. ಗೋಡೆಗಳೇ ಕಂಬ. ಮೇಲಿನ ಮಹಡಿಗಳ ಭಾರವನ್ನೂ ಗಾಳಿ ಮತ್ತು ಭೂಕಂಪದ ಅಡ್ಡ ಒತ್ತಡವನ್ನೂ ನೆಲಕ್ಕೆ ಇಳಿಸುವುದು ಅವೇ. ನಿಮ್ಮ ಹಾಲಿನ ಗೋಡೆ ಅಂಥದ್ದಾದರೆ ಅದರಲ್ಲಿ ಬಾಗಿಲಷ್ಟು ಕಿಂಡಿ ಕೊರೆದರೂ ಕಂಬ ಕತ್ತರಿಸಿದಂತೆಯೇ. ಎ.ಸಿ. ಪೈಪಿಗೆಂದು ಗೋಡೆಯಲ್ಲಿ ಗಾಡಿ (ಪೈಪು ಕೂರುವ ಕಾಲುವೆ) ಹೊಡೆಸುವುದೂ ಬೇಡ. ಕಂಬಿಯ ಮೇಲಿರುವ ಕಾಂಕ್ರೀಟ್ ಹೊದಿಕೆ 20–25 ಮಿ.ಮೀ. ಮಾತ್ರ, ಗ್ರೈಂಡರ್ ಅದನ್ನು ದಾಟಿ ಕಂಬಿಗೇ ಹೋಗುತ್ತದೆ.

ತಿಳಿಯುವ ದಾರಿ ಎರಡು. ಒಂದು, ಅಸೋಸಿಯೇಷನ್ ಅಥವಾ ಬಿಲ್ಡರ್ ಹತ್ತಿರ ಇರುವ ಸ್ಟ್ರಕ್ಚರಲ್ ಡ್ರಾಯಿಂಗ್ ನೋಡುವುದು. ಇದೇ ಕೊನೆಯ ಮಾತು. ಎರಡು, ಪೀಠೋಪಕರಣ ಮುಚ್ಚುವಂಥ ಜಾಗದಲ್ಲಿ, ಸ್ವಿಚ್ ಬೋರ್ಡಿನ ನೇರ ಮೇಲೆ ಕೆಳಗೆ ಬಿಟ್ಟು, 6 ಮಿ.ಮೀ. ಡ್ರಿಲ್ ಬಿಟ್‌ನಿಂದ ಒಂದು ತೂತು ಹಾಕಿ ನೋಡುವುದು. ಪ್ಲಾಸ್ಟರ್ ದಾಟಿದ ಮೇಲೆ ಹ್ಯಾಮರ್ ಇಲ್ಲದೆಯೇ ಡ್ರಿಲ್ ಸಲೀಸಾಗಿ ಒಳಗೆ ಹೋಗಿ ಬಿಳಿಚಿದ ಮೆತ್ತನೆಯ ಪುಡಿ ಬಂದರೆ ಅದು ಎಎಸಿ ಬ್ಲಾಕ್ (ಗಾಳಿಗುಳ್ಳೆಗಳಿರುವ ಹಗುರ ಕಾಂಕ್ರೀಟ್ ಬ್ಲಾಕ್). ಕೆಂಪು ಪುಡಿ ಇಟ್ಟಿಗೆಯದು. ಹ್ಯಾಮರ್ ಹಾಕದೆ ಮುಂದಕ್ಕೇ ಹೋಗದೆ ಬೂದು ಪುಡಿ ಉದುರಿದರೆ ಕಾಂಕ್ರೀಟ್ ಇದ್ದೀತು; ಸಾಲಿಡ್ ಬ್ಲಾಕಿನ ಪುಡಿಯೂ ಬೂದು ಬಣ್ಣದ್ದೇ ಆದ್ದರಿಂದ ಡ್ರಾಯಿಂಗ್ ನೋಡದೆ ತೀರ್ಮಾನಿಸಬೇಡಿ. ಕಂಬ–ತೊಲೆಗಳ ಕಟ್ಟಡದಲ್ಲಿ ನಡುವೆ ತುಂಬಿದ ಬ್ಲಾಕ್ ಗೋಡೆಯನ್ನು ತೆಗೆಯಲು ಸಾಧ್ಯ. ಆಗಲೂ ಎಂಜಿನಿಯರ್ ಪತ್ರ, ಅಸೋಸಿಯೇಷನ್ ಒಪ್ಪಿಗೆ ಎರಡೂ ಕೈಯಲ್ಲಿರಲಿ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14(3)ನೇ ಕಲಂ ಪ್ರಕಾರ ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷ ಕಟ್ಟಡದ ರಚನಾ ದೋಷಕ್ಕೆ ಬಿಲ್ಡರ್ ಹೊಣೆ. ನೀವೇ ಗೋಡೆ ಕತ್ತರಿಸಿದ್ದರೆ, ನಾಳೆ ಬಿರುಕು ಬಂದಾಗ ಅವರು ಮೊದಲು ಬೆರಳು ತೋರಿಸುವುದು ಅಲ್ಲಿಗೇ.

ಇನ್ನು ಜಾಗದ ವಿಚಾರ. ನಿಮ್ಮ ಮನೆಗೆ ಗೋಡೆ ಒಡೆಯುವುದು ಬೇಕಾಗಿಯೂ ಇಲ್ಲ ಎಂದು ನಮಗನಿಸುತ್ತದೆ. ನಾಲ್ವರು, ಅದರಲ್ಲೂ ಮೂರು ತಲೆಮಾರು ಇರುವ ಮನೆಯಲ್ಲಿ ಒಂದು ಗಟ್ಟಿ ಗೋಡೆ, ಮುಚ್ಚಿಕೊಳ್ಳುವ ಒಂದು ಬಾಗಿಲು ದೊಡ್ಡ ಆಸ್ತಿ. ಜಾಗ ಪೋಲಾಗುವುದು ಬಾಗಿಲು ತಿರುಗುವಲ್ಲಿ. 900 ಮಿ.ಮೀ. ಬಾಗಿಲೊಂದು ತೆರೆಯಲು ಸುಮಾರು 7 ಚದರಡಿ ನೆಲ ಖಾಲಿ ಬಿಡಬೇಕು. ಬೆಡ್‌ರೂಮಿನ ಈಗಿರುವ ಬಾಗಿಲನ್ನೇ ಗೋಡೆಯ ಮೇಲೆ ಜಾರುವಂತೆ ಮಾಡಿಸಿ. ಪಕ್ಕದಲ್ಲಿ ಬಾಗಿಲಿನಷ್ಟೇ ಅಗಲದ ಖಾಲಿ ಗೋಡೆ, ಸ್ವಿಚ್ ಬೋರ್ಡ್ ಇಲ್ಲದ್ದು, ಬೇಕು. ಬಚ್ಚಲಿನ ಬಾಗಿಲು ಒಳಕ್ಕೆ ತೆರೆಯುತ್ತಿದ್ದರೆ ಅದನ್ನು ಹೊರಕ್ಕೆ ತೆರೆಯುವಂತೆ ತಿರುಗಿಸಿ. ಒಳಗೆ ಯಾರಾದರೂ ಜಾರಿ ಬಿದ್ದು ಬಾಗಿಲಿಗೆ ಅಡ್ಡವಾದರೆ ಒಳಕ್ಕೆ ತೆರೆಯುವ ಬಾಗಿಲನ್ನು ತಳ್ಳಲಿಕ್ಕೂ ಆಗುವುದಿಲ್ಲ.

ಅತ್ತೆಯವರಿಗೆ ಮಡಚುವ ಮಂಚ ಕೊಡಬೇಡಿ. ಹಾಸಿಗೆ ಸೇರಿ 450–500 ಮಿ.ಮೀ. ಎತ್ತರದ ಖಾಯಂ ಮಂಚ, ಅಲ್ಲಿಂದ ಬಚ್ಚಲಿನವರೆಗೆ 900 ಮಿ.ಮೀ. ಅಗಲದ ಅಡೆತಡೆಯಿಲ್ಲದ ದಾರಿ, ಆ ದಾರಿಯಲ್ಲಿ ನೆಲದಿಂದ ಒಂದಡಿ ಎತ್ತರದಲ್ಲೊಂದು ಪುಟ್ಟ ದೀಪ: ಇಷ್ಟನ್ನು ಮೊದಲು ನಕ್ಷೆಯಲ್ಲಿ ಗುರುತಿಸಿ, ಉಳಿದದ್ದನ್ನು ಆಮೇಲೆ ಜೋಡಿಸಿ. ಮಗನಿಗೆ ಎತ್ತರದ ಮಂಚ ಮಾಡಿಸಿ ಕೆಳಗೆ ಓದುವ ಮೇಜು ಇಡಬಹುದು. ಚಾವಣಿ 2.75 ಮೀಟರ್ ಇದ್ದರೆ ಹಾಸಿಗೆಯ ಮೇಲ್ಮೈ 1.7 ಮೀಟರಿಗೆ ಬರಲಿ, ಮೇಲೆ ಅವನು ಕೂರುವಷ್ಟು ಒಂದು ಮೀಟರ್ ಸಿಗುತ್ತದೆ. ಆ ಕೋಣೆಯ ಸೀಲಿಂಗ್ ಫ್ಯಾನನ್ನು ತೆಗೆಸಿ ಗೋಡೆ ಫ್ಯಾನ್ ಹಾಕಿಸಲೇಬೇಕು. ಮಂಚದ ಮೇಲೆ ಕೂತ ಮಗುವಿನ ಕೈಗೆ ಫ್ಯಾನಿನ ರೆಕ್ಕೆ ಎಟುಕುತ್ತದೆ.

ಕೋಣೆ ಇಬ್ಭಾಗ ಮಾಡಬೇಕೆನಿಸಿದರೂ ಇಟ್ಟಿಗೆ ಗೋಡೆ ಕಟ್ಟಿಸಬೇಡಿ. ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ 2.7 ಮೀಟರ್ ಎತ್ತರಕ್ಕೆ ಮೀಟರ್ ಉದ್ದಕ್ಕೆ 600 ಕೆ.ಜಿ.ಗೂ ಹೆಚ್ಚು ತೂಗುತ್ತದೆ, ಪ್ಲಾಸ್ಟರ್ ಬೇರೆ. ವಾಸದ ಕೋಣೆಯ ಚಪ್ಪಡಿಯನ್ನು (ಕಾಂಕ್ರೀಟ್ ಸ್ಲ್ಯಾಬ್) ಲೆಕ್ಕ ಹಾಕುವುದು ಚದರ ಮೀಟರಿಗೆ ಸುಮಾರು 200 ಕೆ.ಜಿ. ಬಳಕೆಯ ಭಾರಕ್ಕೆ. ಉಕ್ಕಿನ ಚೌಕಟ್ಟಿಗೆ ಎರಡೂ ಕಡೆ 12.5 ಮಿ.ಮೀ. ಜಿಪ್ಸಂ ಬೋರ್ಡ್, ನಡುವೆ 50 ಮಿ.ಮೀ. ಗಾಜಿನ ಉಣ್ಣೆ ಇಟ್ಟರೆ ಅದೇ ಗೋಡೆ 70 ಕೆ.ಜಿ. ಆಸುಪಾಸಿಗೆ ಮುಗಿಯುತ್ತದೆ.

ಗೋಡೆಗೆ ಮಡಚಿ ನಿಲ್ಲಿಸುವ ಡಬಲ್ ಮಂಚ ಮಾಡಿಸುತ್ತಿದ್ದೇವೆ. ಗೋಡೆ ಎಎಸಿ ಬ್ಲಾಕಿನದು. ತಡೆಯುತ್ತದೆಯೇ? ಏನೆಲ್ಲ ನೋಡಿಕೊಳ್ಳಬೇಕು? – ಬ್ಯಾಂಕ್ ಉದ್ಯೋಗಿ, ಧಾರವಾಡ

ಮಂಚ ಪೂರ್ತಿ ಇಳಿದು ಕಾಲು ನೆಲಕ್ಕೆ ತಾಗಿದ ಮೇಲೆ ಗೋಡೆಗೆ ಹೆಚ್ಚು ಭಾರವಿಲ್ಲ. ಅಪಾಯ ಅರ್ಧ ಇಳಿದಾಗ. ಹಲಗೆ, ಹಾಸಿಗೆ ಸೇರಿ 70 ಕೆ.ಜಿ. ಇದ್ದು ಆ ತೂಕ ಗೋಡೆಯಿಂದ ಒಂದು ಮೀಟರ್ ಮುಂದಿದ್ದರೆ, ಮಂಚ ಮಡಚಿ ಕೂರುವ 2.1 ಮೀಟರ್ ಎತ್ತರದ ಪೆಟ್ಟಿಗೆಯ ಮೇಲಂಚನ್ನು ಸುಮಾರು 35 ಕೆ.ಜಿ. ಬಲ ಮುಂದಕ್ಕೆ ಎಳೆಯುತ್ತದೆ. ಕೈತಪ್ಪಿ ದಪ್ಪನೆ ಇಳಿದರೆ ಅದರ ಹಲವು ಪಟ್ಟು. ದಿನಕ್ಕೆರಡು ಸಲ, ವರ್ಷಗಟ್ಟಲೆ ಈ ಎಳೆತ ನಡೆಯುತ್ತಲೇ ಇರುತ್ತದೆ.

ಎಎಸಿ ಬ್ಲಾಕ್ ಹಗುರ, ಒಳಗೆಲ್ಲ ಗಾಳಿಗುಳ್ಳೆ. ಕಾಂಕ್ರೀಟಿಗೆ ಬಳಸುವ ಹಿಗ್ಗುವ ಲೋಹದ ಆ್ಯಂಕರ್ (ಗೋಡೆಯೊಳಗೆ ಕಚ್ಚಿಕೊಳ್ಳುವ ಬೋಲ್ಟ್) ಅದರಲ್ಲಿ ಬ್ಲಾಕನ್ನೇ ಪುಡಿಮಾಡಿ ಸಡಿಲವಾಗುತ್ತದೆ. ಬಡಗಿಗಳು ಹ್ಯಾಮರ್ ಮೋಡಿನಲ್ಲಿ ತೂತು ಹಾಕುವುದು ಇನ್ನೊಂದು ತಪ್ಪು, 10 ಮಿ.ಮೀ. ಡ್ರಿಲ್ ಬಿಟ್ ಒಳಗೆ 14 ಮಿ.ಮೀ. ಗುಂಡಿ ಮಾಡಿರುತ್ತದೆ. ಗೋಡೆ 200 ಮಿ.ಮೀ. ದಪ್ಪ ಇದ್ದರೆ ಹ್ಯಾಮರ್ ಇಲ್ಲದೆ ತೂತು ಹಾಕಿ, ಪುಡಿಯನ್ನು ಊದಿ ಬ್ರಷ್ ಮಾಡಿ ತೆಗೆದು, ಎಎಸಿಗೆಂದೇ ಹೇಳಿರುವ ಕೆಮಿಕಲ್ ಆ್ಯಂಕರ್ (ತೂತಿನಲ್ಲಿ ಗಟ್ಟಿಯಾಗುವ ಅಂಟು) ತುಂಬಿ 10 ಮಿ.ಮೀ. ಮರೆಯ (ಥ್ರೆಡ್ ಇರುವ) ಕಂಬಿ ಕೂರಿಸಿ. ಮೇಲಂಚಿಗೆ ಕನಿಷ್ಠ ನಾಲ್ಕು ಇರಲಿ. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಗಟ್ಟಿಯಾಗಲು ಬಿಡದೆ ನಟ್ ಬಿಗಿದರೆ ಮಾಡಿದ್ದೆಲ್ಲ ವ್ಯರ್ಥ. ಗೋಡೆ 100 ಮಿ.ಮೀ. ಮಾತ್ರವಾದರೆ ಆ್ಯಂಕರ್ ನೆಚ್ಚಬೇಡಿ. ಆರಪಾರ ಬೋಲ್ಟ್ ಹಾಕಿ ಆಚೆ ಬದಿಯಲ್ಲಿ ಉಕ್ಕಿನ ಪಟ್ಟಿ ಕೊಡಿ, ಅಥವಾ ಪೆಟ್ಟಿಗೆಯನ್ನು ಚೌಕಾಕಾರದ ಉಕ್ಕಿನ ಕೊಳವೆಯ ಚೌಕಟ್ಟಿನಲ್ಲಿ ಕೂರಿಸಿ ನೆಲದ ಚಪ್ಪಡಿಗೆ ಬಿಗಿಯಿರಿ. ಕೆಳಗೆ ನೀರಿನ ಅಥವಾ ವಿದ್ಯುತ್ ಪೈಪ್ ಇಲ್ಲವೆಂದು ನೋಡಿಕೊಂಡೇ ನೆಲಕ್ಕೆ ಡ್ರಿಲ್ ಹಾಕಬೇಕು.

ಮಂಚ ಎತ್ತಿ ಇಳಿಸಲು ನೆರವಾಗುವ ಗ್ಯಾಸ್ ಸ್ಪ್ರಿಂಗನ್ನು ಅಂಗಡಿಯವರು ‘ಡಬಲ್ ಮಂಚದ್ದು’ ಎಂದು ಕೊಟ್ಟುಬಿಡುತ್ತಾರೆ. ಅದನ್ನು ಹಲಗೆ ಮತ್ತು ಹಾಸಿಗೆಯ ನಿಜವಾದ ತೂಕಕ್ಕೆ ಹೊಂದಿಸಬೇಕು. ಆಮೇಲೆ ಹಗುರ ಫೋಮ್ ತೆಗೆದು ಹತ್ತಿಯ ಹಾಸಿಗೆ ಹಾಕಿದರೆ ಮಂಚ ತಾನಾಗಿ ಕುಸಿದು ಇಳಿಯುತ್ತದೆ. ಪೆಟ್ಟಿಗೆಯ ಆಳ 400–450 ಮಿ.ಮೀ. ಬೇಕು, ಹಾಸಿಗೆ 6 ಇಂಚು ಮೀರಬಾರದು. ಒಬ್ಬರೇ ಮಲಗುವ ಕೋಣೆಯಾದರೆ ಅಡ್ಡಲಾಗಿ ಮಡಚುವ ಮೂರಡಿಯ ಮಂಚವನ್ನೇ ನಾವು ಹೇಳುತ್ತೇವೆ. ಅದು ಇಳಿದಾಗ ಗೋಡೆಯಿಂದ ಒಂದು ಮೀಟರಿನಷ್ಟು ಮಾತ್ರ ಮುಂದೆ ಬರುತ್ತದೆ, ಎಳೆತವೂ ಅರ್ಧಕ್ಕಿಂತ ಕಡಿಮೆ.

ನಮ್ಮ ಅಡುಗೆಮನೆ 7 ಅಡಿ ಅಗಲ, 8 ಅಡಿ ಉದ್ದ. ಈಚೆಗೆ ಸಿಲಿಂಡರ್ ಬದಲು ಪೈಪ್ ಗ್ಯಾಸ್ ಬಂತು. ಚಿಮಣಿಯ ಪೈಪ್ ಹೊರಹಾಕಲು ಜಾಗವಿಲ್ಲವೆಂದು ಪ್ಲಂಬಿಂಗ್ ಡಕ್ಟಿಗೆ ಬಿಡೋಣ ಎನ್ನುತ್ತಿದ್ದಾರೆ. ಯುಟಿಲಿಟಿಗೂ (ಅಡುಗೆಮನೆ ಪಕ್ಕದ ತೊಳೆಯುವ ಜಾಗ) ಗಾಜು ಹಾಕಿ ಮುಚ್ಚುವ ಯೋಚನೆಯಿದೆ. – ರಾಜರಾಜೇಶ್ವರಿನಗರ

ಡಕ್ಟಿಗೆ ಖಂಡಿತ ಬಿಡಬೇಡಿ. ಅದು ಕೆಳಗಿನಿಂದ ತಾರಸಿಯವರೆಗೆ ಎಲ್ಲ ಮನೆಗಳ ಬಚ್ಚಲ ಕಿಟಕಿ ತೆರೆದುಕೊಂಡಿರುವ ಜಾಗ. ನಿಮ್ಮ ಒಗ್ಗರಣೆ ವಾಸನೆ ಮೇಲಿನವರ ಬಚ್ಚಲಿಗೆ ಹೋಗುವುದಷ್ಟೇ ಅಲ್ಲ, ಪೈಪುಗಳ ಮೇಲೆ ಎಣ್ಣೆಯ ಜಿಡ್ಡು ಕೂತು ಬೆಂಕಿಗೆ ದಾರಿಯಾಗುತ್ತದೆ.

ಚಿಮಣಿಗೆ 150 ಮಿ.ಮೀ. ವ್ಯಾಸದ ನುಣುಪಾದ ಗಟ್ಟಿ ಪೈಪ್, ಮೂರು ಮೀಟರಿನೊಳಗೆ, ಎರಡಕ್ಕಿಂತ ಹೆಚ್ಚು ತಿರುವಿಲ್ಲದೆ ಹೊರಗೋಡೆಗೆ ಹೋಗಲಿ. ಬೀಮಿನಲ್ಲಿ ತೂತು ಹಾಕುವಂತಿಲ್ಲ. ಬೀಮಿನ ಕೆಳಗಿನ ಬ್ಲಾಕ್ ಗೋಡೆಯಲ್ಲಿ, ಇಲ್ಲವೇ ಕಿಟಕಿಯ ಮೇಲಿನ ಒಂದು ಗಾಜನ್ನು ತೆಗೆದು ಅಲ್ಯೂಮಿನಿಯಂ ಹಲಗೆ ಹಾಕಿ ಅದರಲ್ಲಿ ತೂತು ಮಾಡಿಸಿ. ಬಾಡಿಗೆ ಮನೆಗೂ ಇದೇ ಸುಲಭ ದಾರಿ. ನಡುವೆ ನಾಲ್ಕಿಂಚಿನ ಪೈಪಿಗೆ ಇಳಿಸಿದರೆ ಗಾಳಿ ಹೋಗುವ ದಾರಿ ಅರ್ಧಕ್ಕಿಂತ ಕಡಿಮೆಯಾಗಿ ಸದ್ದು ಮಾತ್ರ ಉಳಿಯುತ್ತದೆ. ಪೈಪಿಲ್ಲದ ಇದ್ದಿಲು ಫಿಲ್ಟರಿನ ಚಿಮಣಿ ವಾಸನೆಯನ್ನು ಸ್ವಲ್ಪ ಹೀರುತ್ತದೆ. ಕಾವು, ಹಬೆ, ಒಲೆಯಿಂದ ಬರುವ ಅನಿಲ ಎಲ್ಲ ಮನೆಯಲ್ಲೇ ಉಳಿಯುತ್ತವೆ. ಅದನ್ನೇ ಹಾಕುವುದಾದರೆ ಜೊತೆಗೊಂದು ಎಗ್ಸಾಸ್ಟ್ ಫ್ಯಾನ್ ಇರಲೇಬೇಕು.

ಗ್ಯಾಸಿನ ಮಾತನ್ನು ಸ್ವಲ್ಪ ಗಮನವಿಟ್ಟು ಓದಿ. ಸಿಲಿಂಡರಿನ ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಹರಡುತ್ತದೆ. ಅದಕ್ಕೇ ಸಿಲಿಂಡರಿನ ಕಪಾಟಿಗೆ ಕೆಳಗೆ ಕಿಂಡಿ ಇಡುತ್ತಿದ್ದದ್ದು. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ ಗಾಳಿಗಿಂತ ಹಗುರ, ಸೋರಿದರೆ ಚಾವಣಿಯಡಿ ಸೇರುತ್ತದೆ. ಈಗ ಕಿಂಡಿ ಬೇಕಿರುವುದು ಮೇಲೆ, ಚಾವಣಿಯ ಹತ್ತಿರ. ಯುಟಿಲಿಟಿಗೆ ಗಾಜು ಹಾಕಲೇಬೇಕೆಂದಿದ್ದರೆ ಮೇಲಿನ ಒಂದಡಿಯನ್ನು ಎಂದೂ ಮುಚ್ಚಲಾಗದ ಲೂವರ್ (ಓರೆ ಪಟ್ಟಿಗಳ ಕಿಂಡಿ) ಮಾಡಿ ಬಿಡಿ. ಗ್ಯಾಸ್ ಮೀಟರ್ ಮತ್ತು ಅದರ ವಾಲ್ವನ್ನು ಕಪಾಟಿನೊಳಗೆ ಅಡಗಿಸಬೇಡಿ, ಕತ್ತಲಲ್ಲೂ ಕೈ ನೇರ ಅಲ್ಲಿಗೆ ಹೋಗುವಂತಿರಲಿ.

ಕಟ್ಟೆಯ ಜೋಡಣೆ: 7 ಅಡಿಯಲ್ಲಿ ಎರಡೂ ಕಡೆ 600 ಮಿ.ಮೀ. ಕಟ್ಟೆ ಹಾಕಿದರೆ ನಡುವೆ ಉಳಿಯುವುದು ಬರೀ 930 ಮಿ.ಮೀ. ಕೆಳಗಿನ ಡ್ರಾಯರ್ ಎಳೆದು ಬಗ್ಗಲು ಆಗುವುದಿಲ್ಲ. ಒಂದು ಕಡೆ 600, ಎದುರು 400 ಇಟ್ಟುಕೊಳ್ಳಿ. ಆ ಕಿರಿದಾದ ಕಟ್ಟೆಯಲ್ಲಿ ಮಿಕ್ಸಿ, ಡಬ್ಬಿಗಳು. ಐದಡಿ ಎತ್ತರದವರಿಗೆ 800–820 ಮಿ.ಮೀ. ಕಟ್ಟೆ ಹಿತ. ಕಂಪನಿಗಳು ಕಣ್ಣುಮುಚ್ಚಿ 850–900 ಇಡುತ್ತವೆ, ಕುಕ್ಕರಿನೊಳಗೆ ಸೌಟಾಡಿಸುವಾಗ ಭುಜ ನೋಯುವುದು ಅದಕ್ಕೇ.

ಹನ್ನೆರಡನೇ ಮಹಡಿಯ ಫ್ಲಾಟಿನಲ್ಲಿ ಕಮೋಡನ್ನು ಆರಡಿ ಆಚೆಗೆ ಸರಿಸಿದರೆ ವಾಷಿಂಗ್ ಮೆಷಿನ್ನಿಗೆ ಜಾಗವಾಗುತ್ತದೆ. ಸಾಧ್ಯವೇ? – ಮಂಗಳೂರು

ಮೊದಲು ನಿಮ್ಮ ಬಚ್ಚಲಿನ ಚಪ್ಪಡಿ ತಗ್ಗಿಸಿದ್ದೋ ಅಲ್ಲವೋ ನೋಡಿ. ಹಳೆಯ ಕ್ರಮದಲ್ಲಿ ಚಪ್ಪಡಿಯನ್ನು 300 ಮಿ.ಮೀ. ತಗ್ಗಿಸಿ, ಪೈಪ್ ಅದರೊಳಗೆ ಮಲಗಿಸಿ, ಮೇಲೆ ತುಂಬಿಸಿ ಟೈಲ್ ಹಾಕುತ್ತಿದ್ದರು. ಈಗಿನ ಬಹುಮಹಡಿಗಳಲ್ಲಿ ಪೈಪುಗಳು ಕೆಳಮನೆಯ ಬಚ್ಚಲಿನ ಫಾಲ್ಸ್ ಸೀಲಿಂಗಿನೊಳಗೆ ನೇತಾಡುತ್ತವೆ. ಎರಡನೆಯದಾದರೆ ಕಮೋಡ್ ಸರಿಸುವುದೆಂದರೆ ಚಪ್ಪಡಿಗೆ ಹೊಸ ತೂತು ಕೊರೆದು ಕೆಳಮನೆಯವರ ಚಾವಣಿ ಬಿಚ್ಚುವುದು. ಅವರ ಒಪ್ಪಿಗೆಯಿಲ್ಲದೆ, ಎಂಜಿನಿಯರ್ ಕಂಬಿಯ ಜಾಗ ಗುರುತಿಸದೆ ಅದು ಆಗದ ಕೆಲಸ.

ನೆಲವನ್ನೇ ಎತ್ತರಿಸಿ ಪೈಪ್ ಹಾಯಿಸೋಣ ಎಂದರೆ ಲೆಕ್ಕ ಹೀಗಿದೆ. ಮಲದ ಪೈಪ್ 110 ಮಿ.ಮೀ. 1:40ರ ಇಳಿಜಾರಿನಲ್ಲಿ ಆರಡಿಗೆ 46 ಮಿ.ಮೀ. ಇಳಿತ. ಪೈಪಿನ ಕೆಳಗೆ ಮೇಲೆ ಗಾರೆ, ಟೈಲ್ ಸೇರಿ ಇನ್ನು 70 ಮಿ.ಮೀ. ಒಟ್ಟು 226, ಅಂದರೆ ಒಂಬತ್ತು ಇಂಚಿನ ಮೆಟ್ಟಿಲು. ಒದ್ದೆ ಕಾಲಲ್ಲಿ ಇಳಿಯುವ ಅಂಥ ಮೆಟ್ಟಿಲನ್ನು ಬಚ್ಚಲ ಬಾಗಿಲಲ್ಲಿ ಇಡಬಾರದು. ಇಳಿಜಾರು ಕಡಿಮೆ ಮಾಡಿ ಎತ್ತರ ಉಳಿಸುತ್ತೇವೆ ಎನ್ನುವ ಪ್ಲಂಬರ್ ಸಿಕ್ಕರೆ ಒಪ್ಪಬೇಡಿ, ನೀರು ಮುಂದೆ ಹೋಗಿ ಗಟ್ಟಿ ಪದಾರ್ಥ ಹಿಂದೆ ಉಳಿಯುತ್ತದೆ. ಚಪ್ಪಡಿ ತಗ್ಗಿದ್ದರೆ ಮಾತ್ರ ಆರಡಿ ಸುಲಭ. ಇಲ್ಲವಾದರೆ ಕಮೋಡ್ ಇದ್ದಲ್ಲೇ ಇರಲಿ, ವಾಷ್‌ಬೇಸಿನ್ ಸರಿಸಿ. ಅದರ ಪೈಪ್ ಸಣ್ಣದು, ಗೋಡೆಯ ಪಕ್ಕದ ಕಟ್ಟೆಯೊಳಗೆ ಹೋಗುತ್ತದೆ. ಮೆಷಿನ್ ಅಗಲ 600 ಮಿ.ಮೀ. ಮಾತ್ರ, ಬೇಸಿನ್ನಿನ ಜಾಗವೇ ಸಾಕು.

ಟೈಲ್ ಒಡೆದಿರೆಂದರೆ ವಾಟರ್‌ಪ್ರೂಫಿಂಗ್ ಮೊದಲಿನಿಂದ ಮಾಡಿಸಲೇಬೇಕು. ನೀರು ಸೋರುವುದು ನೆಲದ ನಡುವಿನಲ್ಲಲ್ಲ. ಪೈಪ್ ಚಪ್ಪಡಿ ದಾಟುವ ಸುತ್ತ ಮತ್ತು ನೆಲ–ಗೋಡೆ ಸೇರುವ ಮೂಲೆಯಲ್ಲಿ. ಪೈಪಿನ ಸುತ್ತ ಸಾಮಾನ್ಯ ಸಿಮೆಂಟ್ ತುಂಬಿದರೆ ಅದು ಒಣಗುತ್ತ ಕುಗ್ಗಿ ಕೂದಲೆಳೆಯ ಸಂದು ಬಿಡುತ್ತದೆ. ಕುಗ್ಗದ ಗ್ರೌಟನ್ನೇ ಹಾಕಿಸಿ. ಮೂಲೆಗಳಿಗೆ ಗಾರೆಯಿಂದ ಓರೆಯಾಗಿ ತುಂಬಿಸಿ, ಫೈಬರ್ ಜಾಲರಿ ಇಟ್ಟು, ಪಾಲಿಮರ್ ಸಿಮೆಂಟಿನ ಎರಡು ಕೋಟು. ಎರಡನೆಯದು ಮೊದಲನೆಯದಕ್ಕೆ ಅಡ್ಡಲಾಗಿ ಬಳಿಯಬೇಕು. ಗೋಡೆಗೆ 300 ಮಿ.ಮೀ., ಶವರ್ ಇರುವ ಕಡೆ 1.8 ಮೀಟರ್ ಏರಿಸಿ. ಮಳೆಗಾಲದ ಮಂಗಳೂರಿನಲ್ಲಿ ಕೋಟು ಒಣಗಲು ಡಬ್ಬಿಯಲ್ಲಿ ಬರೆದದ್ದಕ್ಕಿಂತ ಹೆಚ್ಚು ಸಮಯ ಕೊಡಿ, ಸಾಧ್ಯವಾದರೆ ಕೆಲಸವನ್ನೇ ಬೇಸಗೆಗೆ ಇಟ್ಟುಕೊಳ್ಳಿ. ಆಮೇಲೆ ನೀರು ಹೊರಹೋಗುವ ಟ್ರ್ಯಾಪ್ ಮುಚ್ಚಿ 48 ಗಂಟೆ ನೀರು ನಿಲ್ಲಿಸಿ, ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ, ಕೆಳಮನೆಯವರನ್ನು ಕರೆದು ಅವರ ಚಾವಣಿಯನ್ನು ಅವರ ಕಣ್ಣೆದುರೇ ನೋಡಿ. ಟೈಲ್ ಹಾಕಿದ ಮೇಲೆ ಇನ್ನೊಮ್ಮೆ ಇದೇ ಪರೀಕ್ಷೆ. ಮುಂದೆ ಜಗಳ ಬರುವುದನ್ನು ಇದು ತಪ್ಪಿಸುತ್ತದೆ.

ಹುಬ್ಬಳ್ಳಿಯಲ್ಲಿ 80×120 ಅಡಿ ನಿವೇಶನವಿದೆ. ಬೇಸ್‌ಮೆಂಟಿನಲ್ಲಿ ಪಾರ್ಕಿಂಗ್, ನೆಲಮಹಡಿಯಲ್ಲಿ ಅಂಗಡಿ, ಮೊದಲ ಮಹಡಿಯಲ್ಲಿ ಕ್ಲಿನಿಕ್ ಮತ್ತು ಆಫೀಸು, ಮೇಲೆ ಐದು ಮಹಡಿ ಮನೆಗಳು, ಒಟ್ಟು 20 ಫ್ಲಾಟು, ಹೀಗೆ ಯೋಚಿಸಿದ್ದೇವೆ. ನಕ್ಷೆ ಮಾಡಿಸುವ ಮೊದಲು ಏನು ತಿಳಿದಿರಬೇಕು? – ನಾಲ್ವರು ಅಣ್ಣತಮ್ಮಂದಿರು

ಎತ್ತರದಿಂದ ಶುರು ಮಾಡೋಣ. ಅಂಗಡಿಗೆ 4.2 ಮೀಟರ್, ಆಫೀಸಿಗೆ 3.6, ಮನೆಗಳಿಗೆ ತಲಾ 3.0 ಎಂದಿಟ್ಟುಕೊಂಡರೆ 22.8 ಮೀಟರ್. ಸಂಹಿತೆಯ ಪ್ರಕಾರ 15 ಮೀಟರ್ ಮತ್ತು ಅದಕ್ಕಿಂತ ಎತ್ತರದ್ದೆಲ್ಲ ಬಹುಮಹಡಿ ಕಟ್ಟಡ. ಅಗ್ನಿಶಾಮಕ ವ್ಯವಸ್ಥೆ, ಮೆಟ್ಟಿಲು, ವಾಹನ ಸುತ್ತಲು ಖಾಲಿ ಜಾಗ, ಎಲ್ಲದಕ್ಕೂ ಕಟ್ಟುನಿಟ್ಟು ಬೇರೆಯೇ. ಹಾಗಾಗಿ ಅಗ್ನಿಶಾಮಕ ಇಲಾಖೆಯವರ ಅಪೇಕ್ಷೆಗಳನ್ನು ನಕ್ಷೆ ಮುಗಿದ ಮೇಲಲ್ಲ, ಮೊದಲ ಗೆರೆ ಎಳೆಯುವಾಗಲೇ ವಿಚಾರಿಸಿ.

ಇಂಥ ಕಟ್ಟಡ ಕೆಡುವುದು ಕಂಬಗಳ ಜಾಗದಲ್ಲಿ. ಮನೆಯ ಕೋಣೆ ಮೂರೂವರೆ ಮೀಟರಿಗೆ ಒಂದು ಕಂಬ ಕೇಳುತ್ತದೆ. ಅಂಗಡಿಗೆ ಅದು ಅಡ್ಡ. ಪಾರ್ಕಿಂಗಿಗೆ ಇನ್ನೂ ಅಡ್ಡ: ಒಂದು ಕಾರಿಗೆ 2.5 ಮೀಟರ್ ಅಗಲ, ಮೂರು ಕಾರು ನಿಲ್ಲಲು ಕಂಬಗಳ ನಡುವೆ 7.5 ಮೀಟರ್ ತೆರವು ಬೇಕು. ಕಂಬ 600 ಮಿ.ಮೀ. ಆದರೆ ಒಂದು ಕಂಬದ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ 8.1 ಮೀಟರ್. ಮನೆಯ ನಕ್ಷೆ ಮೊದಲು ಮಾಡಿ ಕೆಳಕ್ಕೆ ಇಳಿದರೆ ಕೊನೆಗೆ ಒಂದಿಷ್ಟು ಕಂಬಗಳನ್ನು ಮೊದಲ ಮಹಡಿಯಲ್ಲೇ ನಿಲ್ಲಿಸಿ ಬೀಮಿನ ಮೇಲೆ ಕೂರಿಸುವ ಪ್ರಸಂಗ ಬರುತ್ತದೆ. ತೇಲುವ ಕಂಬ ಎನ್ನುವುದು ಅದನ್ನೇ. ಭೂಕಂಪದಲ್ಲಿ ಮೊದಲು ಕೈಕೊಡುವ ಜಾಗವದು, ಮಾಡಲೇಬೇಡಿ. 8.1 ಮೀಟರಿನ ಜಾಲವನ್ನು ಪಾರ್ಕಿಂಗಿನಿಂದ ಹಿಡಿದು ಮೇಲಕ್ಕೆ ತನ್ನಿ. ಅದರಲ್ಲಿ ಒಂದು ಹಾಲ್, ಒಂದು ಬೆಡ್‌ರೂಮ್ ಪಕ್ಕಪಕ್ಕ ಸರಿಯಾಗಿ ಕೂರುತ್ತವೆ.

ಎರಡನೆಯದು ನೆಲಮಹಡಿಯ ಸಡಿಲು. ಒಂದೇ ಗಾತ್ರದ ಕಂಬ 3.0 ಮೀಟರ್ ಬದಲು 4.2 ಮೀಟರ್ ಎತ್ತರವಾದರೆ ಅಡ್ಡ ಒತ್ತಡಕ್ಕೆ ಅದರ ಬಿಗುವು ಸುಮಾರು 2.7 ಪಟ್ಟು ಕಡಿಮೆಯಾಗುತ್ತದೆ. ಜೊತೆಗೆ ಅಂಗಡಿಯ ಮುಂಭಾಗಕ್ಕೆ ಗೋಡೆಯಿಲ್ಲ, ಬರೀ ಶಟರ್. ಮೇಲೆ ಮನೆಗಳ ಗೋಡೆ ಬಿಗಿ, ಕೆಳಗೆ ಸಡಿಲು. 2001ರ ಭುಜ್ ಭೂಕಂಪದಲ್ಲಿ, ಕೇಂದ್ರದಿಂದ ಅಷ್ಟು ದೂರದ ಅಹಮದಾಬಾದಿನಲ್ಲೂ, ಕೆಳಗೆ ತೆರೆದ ಪಾರ್ಕಿಂಗ್ ಇದ್ದ ಅಪಾರ್ಟ್‌ಮೆಂಟುಗಳು ಕುಸಿದದ್ದು ಇದೇ ಕಾರಣಕ್ಕೆ. ಮದ್ದು ಗೊತ್ತಿರುವಂಥದ್ದೇ: ಲಿಫ್ಟು ಮತ್ತು ಮೆಟ್ಟಿಲ ಸುತ್ತ ಕಾಂಕ್ರೀಟ್ ಗೋಡೆಗಳನ್ನು ಪಾಯದಿಂದ ತಾರಸಿಯವರೆಗೆ ಎಲ್ಲೂ ಮುರಿಯದೆ ಒಯ್ಯುವುದು, ಅವನ್ನು ನಿವೇಶನದ ಒಂದೇ ಮೂಲೆಗೆ ಸೇರಿಸದೆ ಎರಡು ದಿಕ್ಕಿಗೂ ಹಂಚುವುದು. ಒಂದೇ ಮೂಲೆಯಲ್ಲಿದ್ದರೆ ಕಟ್ಟಡ ಅದರ ಸುತ್ತ ತಿರುಚಿಕೊಳ್ಳುತ್ತದೆ.

ಪೈಪುಗಳನ್ನು ಯಾರೂ ಮೊದಲು ನೆನೆಸುವುದಿಲ್ಲ. ಐದು ಮಹಡಿಯ ಬಚ್ಚಲುಗಳು ಒಂದರ ಕೆಳಗೊಂದು ಬಂದರೂ ಅವುಗಳ ಕೆಳಗಿರುವುದು ಯಾರದೋ ಕ್ಲಿನಿಕ್, ಬಟ್ಟೆಯಂಗಡಿ. ಆಫೀಸ್ ಮಹಡಿಯ 3.6 ಮೀಟರಿನಲ್ಲಿ ಮೇಲಿನ 600 ಮಿ.ಮೀ.ಯನ್ನು ಪೈಪು ಹಾಯಿಸಲೆಂದೇ ಬಿಡಿ. ಪೈಪುಗಳು ಅಲ್ಲಿ ಕಾರಿಡಾರಿನ ಮೇಲೆ ಅಡ್ಡಹಾಯ್ದು ಸಾಮಾನ್ಯ ಡಕ್ಟಿಗೆ ಇಳಿಯಲಿ, ಬಾಡಿಗೆದಾರರ ಅಂಗಡಿಯೊಳಗೆ ಇಳಿಯುವುದು ಬೇಡ. ಪ್ರತಿ ತಿರುವಿನಲ್ಲೂ ಕೈಹಾಕಿ ಬಿಡಿಸಲು ಬರುವ ಮುಚ್ಚಳವಿರಲಿ. ಇವತ್ತು ಹೋಟೆಲಿನ ಯೋಚನೆ ಇಲ್ಲದಿದ್ದರೂ ನಾಳೆ ಹೆಚ್ಚು ಬಾಡಿಗೆ ಕೊಡುವವರು ಅವರೇ. ನೆಲದಿಂದ ತಾರಸಿಯ ಮೇಲಿನವರೆಗೆ ಅಡುಗೆ ಹೊಗೆಗೆಂದೇ ಒಂದು ಪ್ರತ್ಯೇಕ ಡಕ್ಟು, ಹಿಂಭಾಗದಲ್ಲಿ ಜಿಡ್ಡು ಹಿಡಿಯುವ ತೊಟ್ಟಿಗೆ ಜಾಗ, ಇವೆರಡನ್ನು ಈಗಲೇ ಬಿಟ್ಟಿರಿ. ಆಮೇಲೆ ಕಟ್ಟಿದ ಹೊಗೆ ಪೈಪ್ ಯಾರದೋ ಮಲಗುವ ಕೋಣೆಯ ಕಿಟಕಿ ಮುಂದೆಯೇ ಹಾಯುತ್ತದೆ.

ಮನೆಗಳಿಗೆ ಬೇರೆ ಬಾಗಿಲು, ಬೇರೆ ಲಿಫ್ಟು, ಸಾಧ್ಯವಾದರೆ ಪಕ್ಕದ ರಸ್ತೆಯ ಕಡೆಯಿಂದ. ಕ್ಲಿನಿಕ್ಕಿಗೆ ಬಂದವರು ಮನೆಗಳ ಲಿಫ್ಟಿನಲ್ಲಿ ಹತ್ತುವ ಕಟ್ಟಡದಲ್ಲಿ ಫ್ಲಾಟು ಮಾರುವುದೂ ಕಷ್ಟ, ಬಾಳುವುದೂ ಕಷ್ಟ. ಅಂಗಡಿಯ ನೆಲ ಚದರ ಮೀಟರಿಗೆ ಸುಮಾರು 400 ಕೆ.ಜಿ. ಭಾರಕ್ಕೆ, ಮನೆಯದು 200ಕ್ಕೆ. ಮುಂದೆ ಯಾವ ಮಹಡಿಯನ್ನು ಅಂಗಡಿ ಮಾಡುವ ಆಸೆಯಿದೆಯೋ ಅದನ್ನು ಎಂಜಿನಿಯರಿಗೆ ಇವತ್ತೇ ಬಾಯಿಬಿಟ್ಟು ಹೇಳಿ. ನೀರು ತಲೆಗೆ ದಿನಕ್ಕೆ 135 ಲೀಟರ್ ಲೆಕ್ಕ: ಫ್ಲಾಟಿಗೆ ಐವರಂತೆ 20 ಫ್ಲಾಟಿಗೆ 13,500 ಲೀಟರ್. ಬೆಂಕಿ ಆರಿಸುವ ನೀರು ಇದರಲ್ಲಿ ಸೇರಿಲ್ಲ. ಹುಬ್ಬಳ್ಳಿಯ ನೀರಿನ ಸರದಿ ನಿಮಗೇ ಗೊತ್ತು, ಎಷ್ಟು ದಿನಕ್ಕೊಮ್ಮೆ ಬರುತ್ತದೋ ಅಷ್ಟು ದಿನದ ತೊಟ್ಟಿ ಬೇಕು.

ಕೆಳಗೆ ಮಾಲ್ ಮತ್ತು ರೆಸ್ಟೊರೆಂಟ್, ಮೇಲೆ ಮನೆ ಇರುವ ಗೋಪುರದಲ್ಲಿ ಐದನೇ ಮಹಡಿಯ ಫ್ಲಾಟು ಕಡಿಮೆ ಬೆಲೆಗೆ ಸಿಗುತ್ತಿದೆ. ಕೊಳ್ಳಬಹುದೇ? – ವೈಟ್‌ಫೀಲ್ಡ್

ಒಂದು ಶನಿವಾರ ರಾತ್ರಿ ಹತ್ತೂವರೆಗೆ ಆ ಫ್ಲಾಟಿನೊಳಗೆ ಅರ್ಧ ಗಂಟೆ ಕೂತು ಬನ್ನಿ. ಶಬ್ದ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್, ವಾಣಿಜ್ಯ ಪ್ರದೇಶದಲ್ಲಿ 55. ಕಟ್ಟಡ ಇರುವ ಜಾಗ ವಾಣಿಜ್ಯವೆಂದು ದಾಖಲಾಗಿದ್ದರೆ ನಿಮಗೆ ಸಿಗುವ ರಕ್ಷಣೆ ಎರಡನೆಯದು. ಕಿಟಕಿ ಮುಚ್ಚಿದಾಗಲೂ ಗುಂಯ್ ಎನ್ನುವ ಸದ್ದು ಬಂದರೆ, ಅಂಗೈಯನ್ನು ಗೋಡೆ ಮತ್ತು ನೆಲಕ್ಕೆ ಒತ್ತಿ ನೋಡಿ. ಕಂಪನ ತಿಳಿದರೆ ಅದು ಕೆಳಗಿನ ಎಗ್ಸಾಸ್ಟ್ ಅಥವಾ ಎ.ಸಿ. ಯಂತ್ರ ಚಪ್ಪಡಿಯ ಮೂಲಕ ಕಳಿಸುವ ಸದ್ದು. ಎಂಥ ಡಬಲ್ ಗಾಜಿನ ಕಿಟಕಿಯೂ ಅದನ್ನು ತಡೆಯದು, ಯಂತ್ರದಡಿ ಸ್ಪ್ರಿಂಗ್ ಕೂರಿಸಬೇಕಾದವರು ಕೆಳಗಿನವರು. ಆ ಹೊಗೆಯ ಪೈಪ್ ಎಲ್ಲಿ ತೆರೆಯುತ್ತದೆ ನೋಡಿ. ಮಾಲಿನ ಛಾವಣಿಯ ಮೇಲೆಯೇ ಬಿಟ್ಟಿದ್ದರೆ ಮೊದಲು ವಾಸನೆ ಕುಡಿಯುವುದು ಐದಾರನೇ ಮಹಡಿ. ಬೆಲೆ ಕಡಿಮೆಯಿರುವುದಕ್ಕೆ ಇದೇ ಕಾರಣ ಇದ್ದೀತು.

ಆಮೇಲೆ ಮೆಟ್ಟಿಲಿನಲ್ಲೇ ಕೆಳಗಿಳಿಯಿರಿ. ಪ್ರತಿ ಮಹಡಿಯ ಅಗ್ನಿ ಬಾಗಿಲು ತಾನಾಗಿ ಮುಚ್ಚಿಕೊಳ್ಳಬೇಕು. ಅದಕ್ಕೆ ಇಟ್ಟಿಗೆ, ಹೂಕುಂಡ ಕೊಟ್ಟು ತೆರೆದಿಟ್ಟಿದ್ದರೆ, ಮೆಟ್ಟಿಲಿನಲ್ಲಿ ಹಳೆಯ ಸೋಫಾ ಇದ್ದರೆ, ಕೆಳಗಿನ ಬಾಗಿಲಿಗೆ ಬೀಗ ಬಿದ್ದಿದ್ದರೆ ಅಲ್ಲಿನ ನಿರ್ವಹಣೆ ಹೇಗಿದೆಯೆಂದು ಗೊತ್ತಾಯಿತು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆ ವಿಮಾನನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಅನಾಹುತದಲ್ಲಿ ಒಂಬತ್ತು ಜನ ಸತ್ತರು. ಕಟ್ಟಡವನ್ನು ತುಂಬಿದ್ದು ಹೊಗೆ. ಆದ್ದರಿಂದ ಕಾರಿಡಾರಿನ ವಿದ್ಯುತ್ ಡಕ್ಟಿನ ಬಾಗಿಲನ್ನೂ ತೆರೆಸಿ ನೋಡಿ. ಕೇಬಲ್ ಚಪ್ಪಡಿ ದಾಟುವಲ್ಲಿ ಪ್ರತಿ ಮಹಡಿಗೂ ಬೆಂಕಿ ತಡೆಯುವ ಸೀಲ್ ಇರಬೇಕು. ಕೆಳಗೆ ಬಗ್ಗಿದಾಗ ನೆಲಮಹಡಿಯವರೆಗೆ ಕಾಣಿಸುತ್ತಿದ್ದರೆ ಹೊಗೆಗೂ ಅದೇ ದಾರಿ. ಮಾಲ್ ಮತ್ತು ಮನೆಗಳಿಗೆ ಜನರೇಟರ್, ನೀರು, ತ್ಯಾಜ್ಯ ನೀರು ಶುದ್ಧೀಕರಣದ ಖರ್ಚು ಯಾವ ಲೆಕ್ಕದಲ್ಲಿ ಹಂಚಿಕೆಯಾಗುತ್ತದೆಂದು ಮಾರಾಟ ಕರಾರಿನಲ್ಲೇ ಓದಿ. ಬಾಯಿಮಾತು ಬೇಡ.

ಮುಂಬೈಯಲ್ಲಿ ನಮಗೆ ಪುನರ್ವಸತಿ ಯೋಜನೆಯ 300 ಚದರಡಿ ಮನೆ ಸಿಕ್ಕಿದೆ. ಅಟ್ಟ ಹಾಕಿ ಮಕ್ಕಳನ್ನು ಮೇಲೆ ಮಲಗಿಸಬಹುದೇ? – ವರಳಿಯ ಕನ್ನಡಿಗರು

ಸಾಮಾನಿಗೆ ಅಟ್ಟ ಸರಿ, ಮನುಷ್ಯರಿಗೆ ಬೇಡ. ಜನ ಬಳಸುವ ನಡುಮಹಡಿಗೆ ಕನಿಷ್ಠ 2.2 ಮೀಟರ್ ಎತ್ತರ ಬೇಕು. ಕೆಳಗೆ ಅಷ್ಟು, ಮೇಲೆ ಅಷ್ಟು, ನಡುವಿನ ಹಲಗೆ ಸೇರಿದರೆ ನಾಲ್ಕೂವರೆ ಮೀಟರ್. ನಿಮ್ಮ ಚಾವಣಿ ಅಷ್ಟಿರುವುದಿಲ್ಲ. ಬಿಸಿಗಾಳಿ, ಬೆಂಕಿಯಾದರೆ ಹೊಗೆ, ಎರಡೂ ಮೊದಲು ಸೇರುವುದು ಚಾವಣಿಯಡಿ; ಅಲ್ಲಿ ಮಲಗಿದ ಮಗು ಎಚ್ಚರವಾಗುವ ಮೊದಲೇ ಉಸಿರು ಕಟ್ಟೀತು. ಬಚ್ಚಲು ಮತ್ತು ಬಾಗಿಲ ಮೇಲಿನ ಜಾಗದಲ್ಲಿ ಸಾಮಾನಿನ ಅಟ್ಟ ಮಾಡಿ, ಕೆಳಗೆ ಮಂಚಗಳಡಿ ಎಳೆಯುವ ಇನ್ನೊಂದು ಮಂಚ ಇಡಿ. 27.88 ಚದರ ಮೀಟರಿನಲ್ಲಿ ಗಾಳಿಯೇ ಮುಖ್ಯ: ಕಿಟಕಿಯ ಎದುರು ನೆಲದಿಂದ ಚಾವಣಿವರೆಗಿನ ಕಪಾಟು ನಿಲ್ಲಿಸಬೇಡಿ, ಮುಂಬಾಗಿಲ ಮೇಲೆ ಜಾಲರಿಯ ಕಿಂಡಿ ಇದ್ದರೆ ಮುಚ್ಚಬೇಡಿ.

ಬಿಳಿ ಬಣ್ಣ ಬಳಿದರೆ ಚಿಕ್ಕ ಕೋಣೆ ದೊಡ್ಡದಾಗಿ ಕಾಣುತ್ತದೆಯೇ? – ಮೈಸೂರು

ಬೆಳಕು ತಲುಪುವಲ್ಲಿ ಮಾತ್ರ. ಒಂದೇ ಕಡೆ ಕಿಟಕಿಯಿರುವ ಕೋಣೆಯಲ್ಲಿ ಹಗಲಿನ ಬೆಳಕು ಒಳಗೆ ಬರುವುದು ಕಿಟಕಿಯ ಮೇಲಂಚಿನ ಎತ್ತರದ ಎರಡರಿಂದ ಎರಡೂವರೆ ಪಟ್ಟು. ಆ ಮೇಲಂಚು (ಲಿಂಟಲ್) 2.1 ಮೀಟರ್ ಆದರೆ ಐದು ಮೀಟರ್ ತನಕ. ಅದರಾಚೆಯ ಬಿಳಿ ಗೋಡೆ ಮಂಕು ಬೂದಿಯಾಗಿಯೇ ಕಾಣುತ್ತದೆ. ಚಾವಣಿಗೆ ಮ್ಯಾಟ್ ಬಿಳಿ ಬಳಿಸಿ, ಕಿಟಕಿಯ ಮೇಲೆ ಪರದೆಯ ಸರಳು ಮರೆಮಾಡುವ ಪೆಲ್ಮೆಟ್ ತೆಗೆಸಿ, ಪರದೆ ಕಿಟಕಿಗಿಂತ ಒಂದಡಿ ಆಚೆಗೆ ಸರಿಯುವಂತೆ ಸರಳು ಉದ್ದ ಮಾಡಿಸಿ. ಬಣ್ಣಕ್ಕಿಂತ ಇದರಿಂದ ಹೆಚ್ಚು ಲಾಭ.

ಪ್ಲೈವುಡ್ ಶೀಟನ್ನು ಒಂಬತ್ತನೇ ಮಹಡಿಗೆ ಲಿಫ್ಟಿನಲ್ಲಿ ಒಯ್ಯಲು ಬಿಡುತ್ತಿಲ್ಲ. – ಶಿವಮೊಗ್ಗ

ಬಿಟ್ಟರೂ ಹಿಡಿಸುವುದಿಲ್ಲ. ಎಂಟು ಜನರ ಲಿಫ್ಟಿನ ಒಳಗಿನ ಅಳತೆ ಸಾಮಾನ್ಯವಾಗಿ 1.3×1.1 ಮೀಟರ್, ಬಾಗಿಲು 0.8 ಮೀಟರ್ ಅಗಲ. ಶೀಟು 2.44×1.22 ಮೀಟರ್. ತಿರುಗಿಸಿ, ಮುರುಗಿಸಿ ತುರುಕಿದರೆ ಶೀಟಿನ ಮೂಲೆ, ಲಿಫ್ಟಿನ ಬಾಗಿಲು ಎರಡೂ ಹಾಳು. ಕಟಿಂಗ್ ಪಟ್ಟಿ ಮಾಡಿ ಕಾರ್ಖಾನೆಯಲ್ಲೇ ಕತ್ತರಿಸಿ, ಅಂಚಿಗೆ ಪಟ್ಟಿ ಅಂಟಿಸಿ ತರಿಸಿ. ಮನೆಯೊಳಗೆ ಗರಗಸದ ದೂಳೂ ತಪ್ಪುತ್ತದೆ. ವಾರ್ಡ್‌ರೋಬನ್ನು 2.1 ಮೀಟರಿನ ಕೆಳಪೆಟ್ಟಿಗೆ, ಅದರ ಮೇಲೆ ಬೇರೆ ಅಟ್ಟದ ಪೆಟ್ಟಿಗೆ ಎಂದು ಎರಡಾಗಿ ಮಾಡಿಸಿ. ಒಂದೇ ಉದ್ದದ್ದನ್ನು ನೆಲದಲ್ಲಿ ಜೋಡಿಸಿ ಎತ್ತಿ ನಿಲ್ಲಿಸುವಾಗ ಮೂಲೆ ಚಾವಣಿಗೆ ತಗಲುತ್ತದೆ: 2.7 ಮೀಟರ್ ಎತ್ತರ, 600 ಮಿ.ಮೀ. ಆಳದ ಪೆಟ್ಟಿಗೆಯ ಕರ್ಣ 2.77 ಮೀಟರ್, ಕೋಣೆಯ ಚಾವಣಿ 2.75.